ಗಟಾರ ನೀರು ಬಿಡಿ, ಆದರೆ ಶುದ್ಧ ಮಾಡಿ ಬಿಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಹುಬ್ಬಳ್ಳಿಯ ಗಟಾರ ನೀರೆಲ್ಲ ಕೂಡಿ ಹರಿದು ಬರುವ ನಾಲಾದ ದಂಡೆಯಲ್ಲಿ ನನ್ನ ಹೊಲ ಇದೆ. ಹಿಂದೆ ಕೊಟ್ಟ ಅರ್ಜಿಗಳು ಯಾವ ಕಪಾಟು ಸೇರಿವೆಯೋ ಗೊತ್ತಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದಲಿ ಅಂತ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ. ಗಟಾರ ನೀರನ್ನು ಶುದ್ಧ ಮಾಡಿ ಬಿಡಿ. ಬಿಡುವುದನ್ನು ಮಾತ್ರ ನಿಲ್ಲಿಸಬೇಡಿ.

ಈ ನೀರು ನಿಂತರೆ ನಮ್ಮ ಮನೆ ನಡೆಯುವುದಿಲ್ಲ. ನಮ್ಮದು ಎರೆ ಭೂಮಿ. ಬೋರ್ ಹೊಡೆಸಿದರೆ ಬರೀ ಸವಳು ನೀರು. ಮಳೆ ನಂಬಿದರೆ ಒಂದು ಬೆಳೆ ಕೈಗೆ ಬಂದರೆ ಪುಣ್ಯ. ನಾಲಾಕ್ಕೆ ಪಂಪ್ ಇಟ್ಟರೆ ಸುಡು ಬೇಸಿಗೆಯಲ್ಲೂ ಬದನಿಕಾಯಿ, ಮೆಂತ್ಯ, ಪಾಲಕ್, ಕೊತ್ತಂಬರಿ ಬರುತ್ತವೆ. ಬಿಡನಾಳ, ಗಬ್ಬೂರ, ಕಟ್ನೂರ ಕಡೆ ಎಷ್ಟೋ ಜನ ಹೀಗೇ ಬದುಕಿದ್ದಾರೆ. ಗೊಬ್ಬರವೂ ನೀರಲ್ಲೇ ಬರುವುದರಿಂದ ಯೂರಿಯಾ ಖರ್ಚು ಕಡಿಮೆ. ಆದರೆ ಅದೇ ಗೊಬ್ಬರ ತಿಂದು ಕಾಂಗ್ರೆಸ್ ಕಸ ಎದೆಮಟ್ಟ ಬೆಳೆಯುತ್ತದೆ (ಗಿಡದ ಮಾತು ಸಾಹೇಬ್ರೇ, ಪಕ್ಷದ್ದಲ್ಲ). ಹುಳದ ಕಾಟವೂ ಜಾಸ್ತಿ. ಗೊಬ್ಬರದಲ್ಲಿ ಉಳಿದ ದುಡ್ಡು ಕಳೆ ತೆಗೆಯುವ ಆಳಿಗೆ, ಔಷಧಿ ಅಂಗಡಿಗೆ ಹೋಗುತ್ತದೆ.

ನೀರಿನ ಜೊತೆ ಇಂಜೆಕ್ಷನ್ ಸೂಜಿಯೂ ಬರುತ್ತದೆ. ಹೋದ ವರ್ಷ ಕಳೆ ತೆಗೆಯುವಾಗ ನನ್ನ ಹೆಂಡತಿಯ ಅಂಗಾಲಿಗೆ ಒಂದು ಚುಚ್ಚಿತು. ಯಾವ ರೋಗಿಗೆ ಹಾಕಿದ ಸೂಜಿಯೋ ಏನೋ ಅಂತ ರಕ್ತ ಪರೀಕ್ಷೆಗೆ ಓಡಾಡಿದ್ದೇ ಓಡಾಡಿದ್ದು. ಕೈಕಾಲು ತುರಿಕೆಯನ್ನಂತೂ ಯಾರ ಮುಂದೆಯೂ ಹೇಳುವುದೇ ಬಿಟ್ಟಿದ್ದೇವೆ.

ಇಷ್ಟಾದರೂ ಬಾಯಿ ಮುಚ್ಚಿಕೊಂಡೇ ಇದ್ದೆ. ಮೊನ್ನೆ ನಡೆದದ್ದು ಮಾತ್ರ ತಡೆದುಕೊಳ್ಳಲು ಆಗಲಿಲ್ಲ.

ಕೊತ್ತಂಬರಿ ಕಿತ್ತು, ಸಿವುಡು ಕಟ್ಟಿ, ಬೇವಿನ ಗಿಡದ ನೆರಳಲ್ಲಿ ಹಸಿ ಗೋಣಿಚೀಲ ಹೊದಿಸಿ ಇಟ್ಟಿದ್ದೆವು. ಸಂತೆಗೆ ಒಯ್ಯುವ ಟಂಟಂ ಇನ್ನೇನು ಬರಬೇಕು. ಅಷ್ಟರಲ್ಲಿ ಒಂದು ಸರ್ಕಾರಿ ಜೀಪು ಬಂತು. ಇಳಿದ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು, "ಗಟಾರ ನೀರಾಗ ಬೆಳೆದ ತಪ್ಪಲ ಮಾರೂದು ಅಪರಾಧ, ಗೊತ್ತೈತಿಲ್ಲೋ?" ಅಂದರು. ಜೊತೆಗಿದ್ದವರು ಸಿವುಡುಗಳನ್ನೆಲ್ಲ ಎತ್ತಿ ಬದುವಿನಾಚೆ ಒಗೆದರು. ಕೀಳದೆ ಉಳಿದ ಮಡಿಗಳ ಮೇಲೆ ನನ್ನ ಕಣ್ಣೆದುರೇ ಟ್ರ್ಯಾಕ್ಟರ್ ಹೊಡೆಸಿದರು. "ಸಾಹೇಬ್ರ, ಈ ನೀರು ಬಿಡವ್ರು ಯಾರ್ರಿ?" ಅಂತ ಕೇಳಿದೆ. "ಅದು ನಮ್ಮ ಇಲಾಖೆಗೆ ಬರೂದಿಲ್ಲ" ಅಂದರು. ಅವರ ಡ್ರೈವರ್ ಹೋಗುವ ಮುಂದೆ ಮನೆಗೆ ಅಂತ ಒಂದು ಚೀಲ ಬದನಿಕಾಯಿ ಕೇಳಿ ತೆಗೆದುಕೊಂಡು ಹೋದ. ಅದೂ ಅದೇ ನೀರಿನದ್ದೇ. ಕೊತ್ತಂಬರಿಗಷ್ಟೇ ದೋಷ ಹತ್ತಿತ್ತು ಅಂತ ಕಾಣುತ್ತದೆ.

ಗಲೀಜು ಮಾಡಿದ ಊರಿಗೆ ನೋಟಿಸ್ ಇಲ್ಲ. ಆ ಗಲೀಜಿನಲ್ಲಿ ಕಾಲಿಟ್ಟು ದುಡಿಯುವವನು ಅಪರಾಧಿ. ಇದು ಯಾವ ನ್ಯಾಯ?

ಕಾನೂನು ನಿಮಗೆ ಗೊತ್ತಿಲ್ಲದ್ದೇನಲ್ಲ. ಹಳ್ಳಕೊಳ್ಳಕ್ಕೆ ಹೊಲಸು ಬಿಡಬಾರದು ಅಂತ 1974ರ ಜಲಮಾಲಿನ್ಯ ತಡೆ ಕಾಯ್ದೆಯೇ ಹೇಳುತ್ತದೆ. ಶುದ್ಧೀಕರಣ ಘಟಕದಿಂದ ಹೊರಬರುವ ನೀರು ಎಷ್ಟು ಶುದ್ಧ ಇರಬೇಕು ಅಂತ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಅಳತೆಯನ್ನೂ ಕೊಟ್ಟಿದೆ. ಘಟಕದ ಮುಖವನ್ನೇ ನೋಡದ ನೀರಿಗೆ ಯಾವ ಅಳತೆ?

ಪರಿಸರ ದಿನದ ಸಭೆಯಲ್ಲಿ ನೀವು ಸುಸ್ಥಿರ ಅಭಿವೃದ್ಧಿ ಬಗ್ಗೆ ಬಹಳ ಚಂದ ಮಾತಾಡಿದಿರಿ. ಪರಿಸರ, ಜನ, ದುಡಿಮೆ ಮೂರನ್ನೂ ಒಟ್ಟಿಗೆ ಒಯ್ಯಬೇಕು ಅಂದಿರಿ. ನಾನೂ ಚಪ್ಪಾಳೆ ಹೊಡೆದೆ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ನಮ್ಮ ದೇಶವೂ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆರನೆಯದು ನೀರಿನದ್ದು. ಶುದ್ಧ ಮಾಡದೆ ಬಿಡುವ ಕೊಳಚೆಯ ಪಾಲನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕು ಅಂತ ಅದರಲ್ಲೇ ಇದೆ. ಊರೊಳಗೆ ಉಣಕಲ್ ನಾಲಾದ ಗುಂಟ ಹಸಿರು ಕಾರಿಡಾರ್, ಸೈಕಲ್ ದಾರಿ ಮಾಡಿದ್ದೀರಿ. ಸಂತೋಷ. ಊರು ದಾಟಿದ ಮೇಲೂ ಜನ ಇದ್ದಾರೆ, ಅಲ್ವಾ? ಅವರಿಗೆ ಸೈಕಲ್ ದಾರಿ ಬೇಡ. ಶುದ್ಧ ಮಾಡಿದ ನೀರು ಬೇಕು.

ಆಗದ ಕೆಲಸ ಅನ್ನಬೇಡಿ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಅಂತ ಅಲ್ಲಿನವರು ಜಗಳ ತೆಗೆದಿದ್ದಾರೆ. ನಮ್ಮ ನಾಲಾದ ನೀರಿಗೆ ಮೊದಲ ಹಂತಕ್ಕೇ ಗತಿಯಿಲ್ಲ.

ಇನ್ನೊಂದು ಹೆದರಿಕೆಯನ್ನೂ ಹೇಳಿಬಿಡುತ್ತೇನೆ. ಶುದ್ಧ ಆದ ನೀರಿಗೆ ಬೆಲೆ ಬರುತ್ತದೆ. ಆಗ ಅದನ್ನು ಪೈಪಿನಲ್ಲಿ ಕಾರ್ಖಾನೆಗಳಿಗೆ ಮಾರಿ ನಮಗೆ ಒಣ ನಾಲಾ ತೋರಿಸಬೇಡಿ. ಹೊಲಸು ಇರುವಷ್ಟು ದಿನ ನಮ್ಮದು, ತಿಳಿಯಾದ ಮೇಲೆ ಬೇರೆಯವರದು ಅಂದರೆ ಒಪ್ಪುವುದಿಲ್ಲ. ಮೊದಲ ಪಾಲು ದಂಡೆಯ ರೈತರಿಗೆ ಅಂತ ಬರವಣಿಗೆಯಲ್ಲಿ ಕೊಡಿ.

ಆದ್ದರಿಂದ ಮತ್ತೆ ಅದನ್ನೇ ಕೇಳುತ್ತೇನೆ. ಶುದ್ಧ ಮಾಡಿ ಬಿಡಿ. ಆಸ್ಪತ್ರೆ ಕಸ ನಾಲಾಕ್ಕೆ ಬೀಳದಂತೆ ಇವತ್ತೇ ತಡೆಯಿರಿ, ಅದಕ್ಕೆ ಯಾವ ಘಟಕವೂ ಬೇಕಿಲ್ಲ. ಅಲ್ಲಿಯವರೆಗೆ ನಮ್ಮ ಬೆಳೆಯ ಮೇಲೆ ಟ್ರ್ಯಾಕ್ಟರ್ ಹೊಡೆಸಬೇಡಿ. ಹಾಳು ಮಾಡಿದ ಬೆಳೆಗೆ ಪರಿಹಾರ ಕೊಡಿಸಿ.

ಒಮ್ಮೆ ಖುದ್ದು ಬಂದು ನೋಡಿ. ಬೆಳಗಿನ ಹೊತ್ತು ಹೊಲದಲ್ಲೇ ಇರುತ್ತೇನೆ. ಚಪ್ಪಲಿ ಬೇಡ, ದಪ್ಪ ತಳದ ಬೂಟು ಹಾಕಿಕೊಂಡು ಬನ್ನಿ.

ಇಂತಿ ನಿಮ್ಮ ಮತದಾರ,
ನಾಲಾ ದಂಡೆಯ ಒಬ್ಬ ರೈತ