14ನೇ ಜಾಯಿಂಟು

ಶುಕ್ರವಾರ ಮಧ್ಯಾಹ್ನ ಬೆಂಗಳೂರಿನ ಪೀಣ್ಯದಲ್ಲಿ ನಾವೇ ಮಾಡಿದ ಹೈಡ್ರೋಜನ್ ಗ್ಯಾಸ್ ಮೇಲೆ ಮೊದಲ ಫರ್ನೇಸ್ ಓಡ್ತು. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಆಚೆ ಬಂದಾಗ ಫಳಫಳ ಅಂತಿತ್ತು, ಒಂಚೂರೂ ಕಪ್ಪಾಗಿರ್ಲಿಲ್ಲ. ಫೋಟೋ ನೋಡಿ ತುಂಬಾ ಜನ ಮೆಸೇಜ್ ಮಾಡಿದೀರಾ, ಒಬ್ಬೊಬ್ರಿಗೂ ಉತ್ತರ ಕೊಡೋಕಾಗಿಲ್ಲ, ಅದಕ್ಕೇ ಇದು.

ಲೋನು, ಲೈಸೆನ್ಸು, ಸ್ಟ್ಯಾಕ್ (ಕರೆಂಟಲ್ಲಿ ನೀರು ಒಡೆದು ಹೈಡ್ರೋಜನ್ ತೆಗೆಯೋ ಮಷೀನು) ಬರೋಕೆ ಲೇಟಾಗಿದ್ದು ಎಲ್ಲಾ ನಿಮಗೆ ಗೊತ್ತಿರೋದೇ, ಮತ್ತೆ ಹೇಳಲ್ಲ. ಗೊತ್ತಿಲ್ಲದೋರಿಗೆ ಇಷ್ಟೇ: ಸ್ಟೀಲ್ ಕಪ್ಪಾಗದ ಹಾಗೆ ಕಾಯಿಸೋ ಈ ಥರ ಫರ್ನೇಸ್‌ಗೆ ಹೈಡ್ರೋಜನ್ ಬೇಕು, ಇಲ್ಲಿ ಇಷ್ಟು ದಿನ ಅಮೋನಿಯಾ ಒಡೆದು ತೆಗೀತಿದ್ರು, ಆ ಅಮೋನಿಯಾ ಬರೋದು ನ್ಯಾಚುರಲ್ ಗ್ಯಾಸಿಂದ, ಅದರಿಂದ 1 ಕೆಜಿ ಹೈಡ್ರೋಜನ್ ತೆಗೆದ್ರೆ ಹತ್ರಹತ್ರ 10 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರತ್ತೆ. ನಾವು ಸೋಲಾರ್ ಕರೆಂಟಲ್ಲಿ ನೀರು ಒಡೀತೀವಿ. 2023ರಲ್ಲಿ ಕೇಂದ್ರದೋರು ಹಸಿರು ಹೈಡ್ರೋಜನ್ ಮಿಷನ್ ತಂದು 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಅಂದಾಗ ನನ್ನ ಕಣ್ಮುಂದೆ ಬಂದಿದ್ದು ಪೀಣ್ಯದ ಈ ಸಣ್ಣ ಶೆಡ್‌ಗಳೇ.

2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ ಬೀದಿಬೀದೀಲಿ ಟ್ಯಾಂಕರ್‌ಗೆ ಕಾಯ್ತಿದ್ದಾಗ "ಕುಡಿಯೋಕೇ ನೀರಿಲ್ಲ, ನೀನು ನೀರು ಒಡೀತೀಯಾ" ಅಂದ್ಲು ಅಮ್ಮ. ಸರಿಯಾದ ಪ್ರಶ್ನೆ. 1 ಕೆಜಿ ಹೈಡ್ರೋಜನ್‌ಗೆ ಲೆಕ್ಕದ ಪ್ರಕಾರ ಶುದ್ಧ ನೀರು 9 ಲೀಟರ್, ಆದ್ರೂ ಕುಡಿಯೋ ನೀರು ಮುಟ್ಟಬಾರದು ಅಂತ ಅವತ್ತೇ ತೀರ್ಮಾನ ಆಯ್ತು. ತಮ್ಮ ಎಸ್‌ಟಿಪಿ ನೀರು (ಶುದ್ಧ ಮಾಡಿದ ಕೊಳಚೆ ನೀರು) ಕೊಟ್ಟ ಪಕ್ಕದ ಅಪಾರ್ಟ್‌ಮೆಂಟಿನೋರಿಗೆ, ಎರಡು ಸಲ ಫೈಲ್ ವಾಪಸ್ ಕಳಿಸಿ ಮೂರನೇ ಸಲ ಕೂರಿಸ್ಕೊಂಡು ತಿದ್ದಿಸಿದ ಬ್ಯಾಂಕ್ ಮೇಡಂಗೆ, ತನ್ನ ಫರ್ನೇಸನ್ನೇ ನಂಬಿ ಬಿಟ್ಟುಕೊಟ್ಟ ಓನರ್‌ಗೆ, ನನ್ನ ಹುಡುಗರಿಗೆ, ಮನೆಯೋರಿಗೆ ಥ್ಯಾಂಕ್ಸ್.

ಈಗ ಮೇಸ್ತ್ರಿ ವಿಷಯ. ಹೆಸರು ಹಾಕ್ಬೇಡ ಅಂದಿದಾರೆ. ರಿಟೈರ್ಡ್ ಪೈಪ್ ಫಿಟ್ಟರ್, ನಮ್ಮಲ್ಲಿ ದಿನಗೂಲಿ ಲೆಕ್ಕದಲ್ಲಿ ಬರ್ತಿದ್ರು.

ಫರ್ನೇಸ್ ಓಡೋಕೆ ಮುಂಚೆ ಒಂದು ರಾತ್ರಿ, ನೈಟ್ರೋಜನ್ ತುಂಬಿ ಸೋರತ್ತಾ ಅಂತ ನೋಡೋ ಟೆಸ್ಟಲ್ಲಿ ಪಾಸಾಗಿದ್ದ ಪೈಪ್ ಲೈನು ಹೈಡ್ರೋಜನ್ ಬಿಟ್ಟ ತಕ್ಷಣ ಸೋರೋಕೆ ಶುರು ಆಯ್ತು. ಡಿಟೆಕ್ಟರ್ ಕೂಗ್ತಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ಸ್ಟ್ಯಾಕ್ ಆಫ್ ಮಾಡಿ ಪ್ರೆಶರ್ ಇಳಿಸಿ ಹುಡುಗರನ್ನೆಲ್ಲಾ ಆಚೆ ಕಳಿಸಿದ್ವಿ. ಹೈಡ್ರೋಜನ್ ಹತ್ಕೊಂಡ್ರೆ ಬೆಳಕಲ್ಲಿ ಉರಿ ಕಣ್ಣಿಗೆ ಬೀಳಲ್ಲ, ಅದಕ್ಕೆ ಮೇಸ್ತ್ರಿ ಒಂದು ಕಡ್ಡಿ ಪೊರಕೆ ಮುಂದೆ ಹಿಡ್ಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೋದ್ರು, ಉರಿ ಇದ್ರೆ ಮೊದಲು ಪೊರಕೆ ಹತ್ಕೊಳ್ಳತ್ತೆ ಅಂತ. ನಾನು ಹಿಂದೆ ಟಾರ್ಚ್ ಹಿಡಿದಿದ್ದೆ. ಉರಿ ಇರ್ಲಿಲ್ಲ. ಆಮೇಲೆ ಪ್ಲಾಸ್ಟಿಕ್ ಮಗ್ಗಲ್ಲಿ ಸೋಪಿನ ನೀರು, ಒಂದು ಪೇಂಟ್ ಬ್ರಶ್ಶು, ಒಂದೊಂದೇ ಜಾಯಿಂಟಿಗೆ ಹಚ್ಚೋದು, ಕಾಯೋದು.

ಎಂಟೋ ಒಂಬತ್ತೋ ಜಾಯಿಂಟ್ ಆದ್ಮೇಲೆ ನನ್ನ ಕೈಲಾಗ್ಲಿಲ್ಲ. ಡೀಸೆಲ್ ಜನರೇಟರ್ ಹಿಂದೆ ಹೋಗಿ ಕೂತು ಅತ್ತೆ. ಅಪ್ಪ ಸೈಟ್ ಮಾರಿದ ದುಡ್ಡು, ಕೆಜಿಗೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಹಾಕಿ ಮಾಡಿದ್ದು, ಎಲ್ಲಾ ಗಾಳಿಗೆ ಹೋಗ್ತಿದೆ ಅನ್ಸಿ, ಬೆಳಗಾದ್ರೆ ಮುಚ್ಚಿಬಿಡ್ತೀನಿ ಅಂತ ನಿಜವಾಗ್ಲೂ ನಿರ್ಧಾರ ಮಾಡಿದ್ದೆ. ಇದನ್ನ ಮನೇಲೂ ಹೇಳಿಲ್ಲ. ಮೇಸ್ತ್ರಿ ಬಂದು ಏನೂ ಕೇಳ್ಲಿಲ್ಲ, ಫ್ಲಾಸ್ಕಿಂದ ಟೀ ಬಗ್ಗಿಸಿ ಕೈಗಿಟ್ಟು "ಇನ್ನೂ ಐದಾರು ನೋಡಣ, ಏಳಪ್ಪ" ಅಂದ್ರು.

14ನೇದರಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಡೀತು, ಮತ್ತೆ ಎದ್ದಿತು. ಗ್ಯಾಸ್ಕೆಟ್ ಒಂದು ಕೂದಲೆಳೆ ಪಕ್ಕಕ್ಕೆ ಕೂತಿತ್ತು ಅಷ್ಟೇ. ಮತ್ತೆ ನೈಟ್ರೋಜನ್ ಹಾಯಿಸಿ, ಬಿಚ್ಚಿ, ಬೇರೆ ಹಾಕಿ ಮುಗಿಸೋ ಹೊತ್ತಿಗೆ ಬೆಳಗಾಗಿತ್ತು. ಅವರು ಕೈ ತೊಳ್ಕೊಂಡು ಮೊದಲ ಬಸ್ ಹಿಡಿದು ಹೋದ್ರು. ಒಂದು ದಿನದ ಕೂಲಿಗಿಂತ ಜಾಸ್ತಿ ತಗೊಳ್ಳೋಕೆ ಒಪ್ಲೇ ಇಲ್ಲ.

ಮೇಸ್ತ್ರಿಗಳೇ, ನೀವು ಫೋನಲ್ಲಿ ಇದೆಲ್ಲಾ ನೋಡಲ್ಲ ಅಂತ ಗೊತ್ತು, ಮಗಳಿಗೆ ಕಳಿಸ್ತಿದೀನಿ, ಅವಳು ಓದಿ ಹೇಳ್ತಾಳೆ. ನಿಮ್ಮ ಪೊರಕೆ ಪ್ಯಾನಲ್ ಪಕ್ಕದಲ್ಲೇ ನೇತಾಡ್ತಿದೆ, ಯಾರಿಗೂ ಗುಡಿಸೋಕೆ ಕೊಡಲ್ಲ. ನಿನ್ನೆ 14ನೇ ಜಾಯಿಂಟಿಗೆ ಮತ್ತೆ ಸೋಪಿನ ನೀರು ಹಚ್ಚಿ ಹತ್ತು ನಿಮಿಷ ನೋಡಿದೆ. ಗುಳ್ಳೆ ಬರ್ಲಿಲ್ಲ.