ತಾರೀಕು ಮುಗಿಯುವುದರೊಳಗೆ ಬಾ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು. ನಿನ್ನ ಯುಎಇ ವಿಸಿಟ್ ವೀಸಾ ಮುಗಿಯಲು ಇನ್ನು ಹನ್ನೊಂದೇ ದಿನ ಉಳಿದಿದೆಯಂತೆ. ಕೆಲಸ ಆಗಿಲ್ಲವಂತೆ. ರೂಮಿನಲ್ಲಿ ಯಾರೋ ‘ಸುಮ್ನೆ ಇದ್ದುಬಿಡು, ಯಾರು ಕೇಳ್ತಾರೆ’ ಅಂದರಂತೆ. ಅದನ್ನು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಎರಡು ಸಲ ಓದು.

ಇದೇ ಮಾತನ್ನು ನಾನು ಶಾರ್ಜಾದಲ್ಲೂ ಕೇಳಿದ್ದೆ. ರೋಲಾದ ಹತ್ತಿರ ಒಂದೇ ರೂಮಿನಲ್ಲಿ ನಾವು ಎಂಟು ಜನ ಇದ್ದೆವು. ನನ್ನ ಮೇಲಿನ ಬೆಡ್‌ನಲ್ಲಿ ನಮ್ಮ ಬೈಂದೂರು ಕಡೆಯ ಹುಡುಗ. ವಿಸಿಟ್‌ನಲ್ಲಿ ಬಂದಿದ್ದ. ಇನ್ನೊಂದು ತಿಂಗಳು ನೋಡುತ್ತೇನೆ ಅಂತ ಉಳಿದವನು ನಾಲ್ಕು ವರ್ಷ ಉಳಿದ. ಅಂಥವರನ್ನು ಗಲ್ಫ್‌ನಲ್ಲಿ ಖಲ್ಲಿವಲ್ಲಿ ಅಂತಾರೆ, ನಿನ್ನ ಕಿವಿಗೂ ಬಿದ್ದಿರಬೇಕು. ಅವನಿಗೆ ಕೆಲಸ ಸಿಗಲಿಲ್ಲ ಅಂತಲ್ಲ. ಸಿಕ್ಕಿತು. ಸಂಬಳ ಅರ್ಧ, ಅದೂ ಕೊಟ್ಟರೆ ಕೊಟ್ಟರು. ಕೊಡದಿದ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಶುಕ್ರವಾರ ನಾವೆಲ್ಲ ಬರ್‌ದುಬೈ ದೇವಸ್ಥಾನಕ್ಕೆ ಹೊರಟರೆ ಅವನು ಬರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಕಾರ್ಡ್ ಕೇಳಿದರೆ ಅನ್ನುವ ಹೆದರಿಕೆ. ಹಲ್ಲುನೋವು ಬಂದಾಗಲೂ ಕ್ಲಿನಿಕ್‌ಗೆ ಹೋಗಲಿಲ್ಲ, ಲವಂಗ ಕಚ್ಚಿಕೊಂಡು ಮಲಗಿದ.

ಅವನ ಅಮ್ಮ ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಅಲ್ಲೇ ಇದ್ದೆ. ಅವತ್ತು ಅಡುಗೆ ಅವನ ಸರದಿ. ಫೋನ್ ಇಟ್ಟ ಮೇಲೂ ಅನ್ನದ ಪಾತ್ರೆಯ ಮುಂದೆ ಸೌಟು ಹಿಡಿದುಕೊಂಡು ನಿಂತೇ ಇದ್ದ. ಗಂಜಿ ಉಕ್ಕಿ ಒಲೆ ಆರಿತು. ಅವನಿಗೆ ಗೊತ್ತೇ ಆಗಲಿಲ್ಲ. ದುಡ್ಡು ಒಟ್ಟು ಮಾಡಿ ಟಿಕೆಟ್ ತೆಗೆಯುತ್ತೇವೆ ಅಂದೆವು. ಬರೀ ಟಿಕೆಟ್‌ನಿಂದ ಏನಾಗುತ್ತೆ ಮಾರಾಯ? ಹೊರಗೆ ಹೋಗಬೇಕಾದರೆ ಕಟ್ಟಬೇಕಿದ್ದ ದಂಡ ನಮ್ಮ ಎಂಟೂ ಜನರ ಕೈಯಲ್ಲಿ ಆಗುವಂಥದ್ದಲ್ಲ. ಕೊನೆಗೆ 2007ರಲ್ಲಿ ಅಮ್ನೆಸ್ಟಿ ಬಂತು, ಅಂದರೆ ಅವಧಿ ಮೀರಿ ಉಳಿದವರು ದಂಡ ಕಟ್ಟದೆ ಹೊರಡಬಹುದು ಅಂತ ಸರ್ಕಾರ ಕೊಡುವ ಮಾಫಿ. ಪಾಸ್‌ಪೋರ್ಟ್ ಅವಧಿಯೂ ಮುಗಿದಿತ್ತು, ಪಾಸ್‌ಪೋರ್ಟ್ ಬದಲಿಗೆ ಊರಿಗೆ ಮರಳಲು ಕೊಡುವ ಔಟ್‌ಪಾಸ್ ಮಾಡಿಸಿಕೊಂಡು ಊರಿಗೆ ಹೋದ. ಅಷ್ಟರಲ್ಲಿ ಅಮ್ಮನ ವರ್ಷಾಂತಿಕವೂ ಮುಗಿದಿತ್ತು.

ಅಮ್ನೆಸ್ಟಿ ಮತ್ತೆ ಬರುತ್ತೆ ಅಂತ ರೂಮಿನವರು ಹೇಳಬಹುದು. ಬರುತ್ತೆ, ಇಲ್ಲ ಅನ್ನಲ್ಲ. 2007 ಆದ ಮೇಲೆ 2012ರ ಕೊನೆಗೆ ಬಂತು, ಆಮೇಲೆ 2018ರಲ್ಲಿ, ಆಮೇಲೆ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಒಂದರಿಂದ ಇನ್ನೊಂದಕ್ಕೆ ಐದಾರು ವರ್ಷ. ಅದನ್ನೇ ನಂಬಿ ಕೂತರೆ ನಿನಗೆ ಎಷ್ಟು ವಯಸ್ಸಾಗಿರುತ್ತೆ, ನಿನ್ನ ಅಮ್ಮನಿಗೆ ಎಷ್ಟಾಗಿರುತ್ತೆ, ನೀನೇ ಲೆಕ್ಕ ಹಾಕು.

ವೀಸಾ ಮುಗಿದ ಮೇಲೂ ಉಳಿದರೆ ದಂಡ ಈಗ ದಿನಕ್ಕೆ 50 ದಿರ್ಹಂ. ಒಂದು ತಿಂಗಳಿಗೆ 1,500. ದಿರ್ಹಂಗೆ 23 ರೂಪಾಯಿ ಹಿಡಿದರೂ 34,500 ರೂಪಾಯಿ. ಊರಿಗೆ ಬರುವ ಟಿಕೆಟ್ ಇದಕ್ಕಿಂತ ಎಷ್ಟೋ ಕಡಿಮೆ.

ಮೊದಲು ಟ್ರಯಲ್ ಮಾಡು, ವೀಸಾ ಆಮೇಲೆ ಅನ್ನುವ ಕಡೆ ಕಾಲಿಡಬೇಡ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಹಾಗೆ ಕೆಲಸಕ್ಕೆ ಇಟ್ಟುಕೊಂಡ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಅಂತ 2024ರಲ್ಲಿ ಕಾನೂನೇ ಬಿಗಿ ಮಾಡಿದ್ದಾರೆ. ಇಷ್ಟಾದರೂ ಕರೆಯುವವನು ನಾಳೆ ಚೆಕಿಂಗ್ ಬಂದರೆ ನಿನ್ನನ್ನು ಗುರುತೇ ಇಲ್ಲ ಅಂದುಬಿಡುತ್ತಾನೆ. ಆಫರ್ ಲೆಟರ್ ಕೈಗೆ ಬಂದಿದ್ದರೆ ಮಾತು ಬೇರೆ. ತಾರೀಕು ಮುಗಿಯುವ ಮೊದಲೇ ಎಕ್ಸ್‌ಟೆನ್ಷನ್ ಮಾಡಿಸು, ದುಡ್ಡು ನಾನು ಕಳಿಸುತ್ತೇನೆ. ‘ಹೇಳ್ತೀವಿ, ನೋಡೋಣ’ ಅಂದದ್ದನ್ನೆಲ್ಲ ಆಫರ್ ಅಂದುಕೊಳ್ಳಬೇಡ.

ಇನ್ನೊಂದು ಮಾತು. ನೀನು ಮಲಗುವುದು ಎರಡು ಮಂಚದ ನಡುವೆ ನೆಲದಲ್ಲಿ ಅಲ್ವಾ? ರಾತ್ರಿ ಪಾಳಿ ಮುಗಿಸಿ ಬಂದವನು ನಿನ್ನನ್ನು ದಾಟಿಕೊಂಡೇ ಹಾಸಿಗೆಗೆ ಹೋಗಬೇಕು. ಇರು ಮಾರಾಯ, ಪರವಾಗಿಲ್ಲ ಅಂತಾರೆ. ಅದು ದಾಕ್ಷಿಣ್ಯ. ನಾನೂ ಎಷ್ಟು ಜನರಿಗೆ ಹಾಗೆ ಹೇಳಿ, ಮುಖ ತಿರುಗಿಸಿ ಮಲಗಿದ್ದೇನೆ. ಅವರು ಕೇಳದಿದ್ದರೂ ಬಾಡಿಗೆಯಲ್ಲಿ ನಿನ್ನ ಪಾಲು ಕೊಡು. ಹೊರಡುವ ಮೊದಲು ಒಂದು ಮೂಟೆ ಅಕ್ಕಿ ತಂದು ಹಾಕು. ಮುಂದಿನ ಸಲ ಹೋದಾಗ ಅದೇ ಬಾಗಿಲು ತಟ್ಟಬೇಕಲ್ಲ.

ಬರಿಗೈಯಲ್ಲಿ ಬರುವುದು ಹೇಗೆ ಅನ್ನುವುದೇ ನಿನ್ನ ಸಂಕಟ ಅಂತ ನನಗೆ ಗೊತ್ತು. ಸೊಸೈಟಿಯಲ್ಲಿ ಅಮ್ಮನ ಸರ ಅಡವಿದೆ, ಏಜೆಂಟನಿಗೆ ಕೊಟ್ಟದ್ದು ಹೋಯಿತು. ಸರದ ಬಡ್ಡಿ ಈ ವರ್ಷ ನಾನು ಕಟ್ಟುತ್ತೇನೆ, ನಿನ್ನ ಅಮ್ಮನಿಗೂ ಹೇಳಿ ಆಗಿದೆ. ಊರಿನವರು ಎರಡು ದಿನ ಕೇಳುತ್ತಾರೆ, ಮೂರನೇ ದಿನ ಅವರವರ ಕೆಲಸ ಅವರಿಗೆ. ಪಾಸ್‌ಪೋರ್ಟ್ ಸರಿಯಾಗಿದ್ದರೆ ಆರು ತಿಂಗಳು ಬಿಟ್ಟು ಮತ್ತೆ ಹೋಗಬಹುದು.

ಟಿಕೆಟ್ ಮಂಗಳೂರಿಗೇ ತೆಗೆ, ಕೊನೆಯ ದಿನಕ್ಕಲ್ಲ, ಎರಡು ದಿನ ಮೊದಲು. ತೆಗೆದ ಕೂಡಲೇ ಫೋಟೋ ಕಳಿಸು. ಬಜ್ಪೆ ಏರ್‌ಪೋರ್ಟಿಗೆ ನಾನೇ ಗಾಡಿ ತರುತ್ತೇನೆ, ರಾತ್ರಿ ಎಷ್ಟು ಹೊತ್ತಾದರೂ.

ನಿನ್ನ ಮಾವ