ಮೊನಾಲಿಸಾ ಒಬ್ಬಳೇ ಅಲ್ಲ

ಮಾನ್ಯರೇ,

ಯುರೋಪಿನ ಪುನರುಜ್ಜೀವನ ಯುಗದ ಮಾತು ಬಂದಾಗಲೆಲ್ಲ ಪತ್ರಿಕೆಯಲ್ಲಿ ಮೊನಾಲಿಸಾಳ ಚಿತ್ರ ಅಚ್ಚುಹಾಕಿ ಕೈತೊಳೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಇಟಲಿಯ ಫ್ಲಾರೆನ್ಸ್ ನಗರದ ಕೆಥೆಡ್ರಲ್ (ಮುಖ್ಯ ಚರ್ಚು) ಗುಮ್ಮಟವನ್ನು ನೆನೆಯುವವರು ಕಡಿಮೆ. ಅಕ್ಕಸಾಲಿಕೆ ಕಲಿತಿದ್ದ ಬ್ರುನೆಲೆಸ್ಕಿ ಅದನ್ನು 1420ರಿಂದ 1436ರವರೆಗೆ ಕಟ್ಟಿಸಿದ. ನೆಲದಿಂದ ಮರದ ಆಸರೆಯಿಲ್ಲದೆ, ಒಂದರೊಳಗೊಂದು ಎರಡು ಚಿಪ್ಪುಗಳಾಗಿ ಅದು ಮೇಲೆದ್ದಿತು. ಹಸಿ ಗಾರೆಯಲ್ಲಿ ಇಟ್ಟಿಗೆ ಜಾರದಂತೆ ನಡುನಡುವೆ ಕೆಲವನ್ನು ನೆಟ್ಟಗೆ ನಿಲ್ಲಿಸಿ, ಮೀನಿನ ಮುಳ್ಳಿನಂತೆ ಹೆಣೆದರು. ಎಂಥ ಧೈರ್ಯ!

ಚಿತ್ರದಲ್ಲಿ ದೂರ ಹೋದಂತೆ ಗೆರೆಗಳು ಒಂದು ಬಿಂದುವಿನಲ್ಲಿ ಕೂಡುವ ಲೆಕ್ಕವನ್ನು ತೋರಿಸಿದವನೂ ಅವನೇ. ಅದನ್ನು ಹಿಡಿದು ಚಿತ್ರಕಾರ ಮಸಾಚೊ, ಅದೇ ಊರಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಚಪ್ಪಟೆ ಗೋಡೆಯ ಮೇಲೆ, ಒಳಹೊಕ್ಕು ನಡೆಯಬಹುದೆನಿಸುವ ಕಮಾನಿನ ಕೋಣೆಯನ್ನೇ ಬರೆದ. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಮುಂದಿನ ಸಲ ಆ ಗೋಡೆಯ ಚಿತ್ರ ಅಚ್ಚಾಗಲಿ.

– ಒಬ್ಬ ಓದುಗ, ಮೈಸೂರು